ನಿಮಗಿದು ಗೊತ್ತೆ? ಹಳೇ ಚಕ್ರವನ್ನೇ ಅಗಲ ಮಾಡಬಹುದು!

ಠಾಣೆ ನೌಪಾಡಾದ ಗೋಖಲೆ ರಸ್ತೆಯ ಸಂಜೆಯ ದಟ್ಟಣೆಯಲ್ಲಿ, ಮಡ್‌ಗಾರ್ಡ್ ದಾಟಿ ಟೈರು ಹೊರಚಾಚಿದ ಕಾರು ಕಂಡರೆ ಅದಕ್ಕೆ ಹೊಸ ಚಕ್ರ ಹಾಕಿಸಿದ್ದಾರೆಂದೇ ಎಣಿಸಬೇಕಿಲ್ಲ. ಕಾರಿನ ಹಳೆಯ ಉಕ್ಕಿನ ಚಕ್ರವನ್ನೇ ಹಿಗ್ಗಿಸುವ ವಿದ್ಯೆಯೊಂದಿದೆ. ರಿಮ್ಮನ್ನು ಲೇತ್‌ನಲ್ಲಿ ಸುತ್ತಲೂ ಕತ್ತರಿಸಿ, ಬಳೆಯಂತೆ ಬಾಗಿಸಿದ ಉಕ್ಕಿನ ಪಟ್ಟಿಯನ್ನು ನಡುವೆ ಕೂರಿಸಿ ವೆಲ್ಡಿಂಗ್ ಮಾಡುತ್ತಾರೆ. ಸ್ವಲ್ಪ ಓರೆಯಾದರೂ ಚಕ್ರ ತೂಗಾಡುತ್ತದೆ. ಟ್ಯೂಬ್‌ಲೆಸ್ ಟೈರಾದರಂತೂ ಬೆಸುಗೆಯಲ್ಲಿ ಕಣ್ಣಿಗೆ ಕಾಣದ ರಂಧ್ರವಿದ್ದರೂ ಗಾಳಿ ನಿಲ್ಲದು.

ಅಲಾಯ್ ಚಕ್ರಕ್ಕೆ ಈ ಉಪಾಯ ಬೇಡವೇ ಬೇಡ. ಶಾಖ ಸಂಸ್ಕಾರದಿಂದ ಬಲ ಪಡೆದ ಅಲ್ಯೂಮಿನಿಯಂ, ಬೆಸುಗೆಯ ಬಿಸಿಗೆ ಆ ಬಲವನ್ನೇ ಕಳೆದುಕೊಳ್ಳುತ್ತದೆ.

ರಿಮ್ ಮೇಲೆ ‘4.5ಜೆ×13’ ಎಂದಿದ್ದರೆ ಅಗಲ 4.5 ಇಂಚು, ವ್ಯಾಸ 13 ಇಂಚು. ‘ಜೆ’ ಅಂಚಿನ ಆಕಾರದ ಗುರುತು. ಅಗಲವನ್ನು ಅಳೆಯುವುದು ಟೈರು ಕೂರುವ ಒಳ ಅಂಚುಗಳ ನಡುವೆ. ಹೊರಗಿನಿಂದ ಟೇಪು ಹಿಡಿದರೆ ಲೆಕ್ಕ ತಪ್ಪುತ್ತದೆ. ಹೊರಬದಿಗೆ 1 ಇಂಚು, ಅಂದರೆ 25.4 ಮಿ.ಮೀ. ಸೇರಿಸಿದರೆ ಚಕ್ರದ ಮಧ್ಯರೇಖೆ 12.7 ಮಿ.ಮೀ. ಹೊರಗೆ ಸರಿಯುತ್ತದೆ. ಬೇರಿಂಗಿನ ಮೇಲೆ ಹೊರೆ ಹೆಚ್ಚುತ್ತದೆ, ಸ್ಟೀರಿಂಗ್ ಹಿಡಿತವೂ ಬದಲಾಗುತ್ತದೆ. ನೋಟಕ್ಕಾಗಿ ಇಷ್ಟು ತೆರುವುದು ದುಬಾರಿಯೇ!

ಕಾನೂನೂ ಇದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನಂತೆ, ನೋಂದಣಿ ಪತ್ರದ ವಿವರ ತಯಾರಕರ ಮೂಲ ವಿವರಕ್ಕೆ ತಾಳೆಯಾಗದಂತೆ ವಾಹನ ಬದಲಿಸಕೂಡದು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯ ಪ್ರಕಾರ, ಕಾಯ್ದೆ ಒಪ್ಪದ ಪ್ರತಿ ಮಾರ್ಪಾಡಿಗೆ ಮಾಲೀಕರಿಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು ಅಥವಾ ಎರಡೂ.