ಎಡಿನ್‌ಬರೋ ಪುಟಗಳು, ಯೂಟಾ ಸುರುಳಿಗಳು

1855ರ ಜನವರಿ 1ರಿಂದ ಸ್ಕಾಟ್ಲೆಂಡಿನಲ್ಲಿ ಯಾರೇ ಸತ್ತರೂ ಮನೆಯವರು ರಿಜಿಸ್ಟ್ರಾರರ ಬಳಿ ಹೋಗಿ ಬರೆಸಲೇಬೇಕಾಯಿತು. ಬರೆಸುವುದು ಒಂದೆರಡು ಸಾಲಿಗೆ ಮುಗಿಯುತ್ತಿರಲಿಲ್ಲ. ಸತ್ತವರ ಹೆಸರು, ಕಸುಬು, ವಯಸ್ಸು, ಹುಟ್ಟಿದ ಊರು ಯಾವುದು, ಇಲ್ಲಿಗೆ ಬಂದು ಎಷ್ಟು ವರ್ಷವಾಯಿತು, ತಂದೆ ಯಾರು, ಆತನ ಕಸುಬೇನು, ತಾಯಿಯ ತವರುಮನೆಯ ಅಡ್ಡಹೆಸರು ಯಾವುದು, ಗಂಡ ಅಥವಾ ಹೆಂಡತಿ ಯಾರು, ಮಕ್ಕಳೆಷ್ಟು, ಅವರವರ ಹೆಸರು, ವಯಸ್ಸು, ಕಾಯಿಲೆ ಯಾವುದು, ಎಷ್ಟು ದಿನ ಇತ್ತು, ವೈದ್ಯರು ಕೊನೆಯ ಸಲ ನೋಡಿದ್ದು ಯಾವತ್ತು, ಹೂಳಿದ್ದು ಎಲ್ಲಿ. ಇಷ್ಟಕ್ಕೂ ಉತ್ತರ ಬೇಕಿತ್ತು.

ಆ ವರ್ಷ ತೊಂಬತ್ತರ ಮುದುಕಿಯೊಬ್ಬಳು ತೀರಿಕೊಂಡಳು ಎಂದುಕೊಳ್ಳಿ. ಅವಳು ಹುಟ್ಟಿದ್ದು 1765ರ ಆಸುಪಾಸಿನಲ್ಲಿ. ಅವಳ ಅಪ್ಪ ಅಮ್ಮ ಅದಕ್ಕೂ ಇಪ್ಪತ್ತು ಮೂವತ್ತು ವರ್ಷ ಹಿಂದಿನವರು. ಕೆಳಗೆ ನೋಡಿದರೆ ಮಕ್ಕಳ ಪೂರ್ತಿ ಪಟ್ಟಿ. ನಮ್ಮ ಹಳ್ಳಿಗಳಿಗೆ ಎತ್ತಿನ ಮೇಲೆ ಬರುವ ಹೆಳವರು ಒಂದು ಮನೆಯ ಮೂರು ತಲೆಮಾರನ್ನು ಒಂದೇ ಉಸಿರಿನಲ್ಲಿ ಹೇಳಿ ಮುಗಿಸುತ್ತಾರಲ್ಲ, ಹಾಗೆ ಒಂದೇ ಪುಟದಲ್ಲಿ ಒಂದು ಶತಮಾನಕ್ಕೂ ಹೆಚ್ಚು ಕಾಲದ ಸಂಸಾರ. ಜನನದ ನಮೂನೆಯೂ ಕಡಿಮೆಯದಲ್ಲ. ತಂದೆ ತಾಯಿಯ ವಯಸ್ಸು, ಇಬ್ಬರ ಹುಟ್ಟೂರು, ಮದುವೆ ಎಲ್ಲಿ ಯಾವಾಗ ಆಯಿತು, ಈ ಮಗುವಿಗಿಂತ ಮೊದಲು ಹುಟ್ಟಿದವರು ಎಷ್ಟು, ಉಳಿದವರು ಎಷ್ಟು, ತೀರಿಕೊಂಡವರು ಎಷ್ಟು ಎಂಬುದನ್ನೆಲ್ಲ ಅದು ಕೇಳುತ್ತಿತ್ತು. ಮದುವೆಯ ನಮೂನೆ ಹಿಂದಿನ ಮದುವೆಗಳನ್ನೂ ಆ ಮದುವೆಗಳ ಮಕ್ಕಳನ್ನೂ ಕೇಳುತ್ತಿತ್ತು.

ಈ ದೊಡ್ಡ ನಮೂನೆ ಬಾಳಿದ್ದು ಒಂದೇ ವರ್ಷ. ಬರೆಯುವವರಿಗೆ ಹೊರೆ ಹೆಚ್ಚಾಯಿತು ಎಂದು 1856ರಲ್ಲಿ ಕಾಲಂಗಳನ್ನು ಕತ್ತರಿಸಿದರು. ಹುಟ್ಟೂರು ಹೋಯಿತು, ಅಣ್ಣ ತಮ್ಮಂದಿರ ಲೆಕ್ಕ ಹೋಯಿತು, ಸತ್ತವರ ಗಂಡ ಹೆಂಡಿರ ಹೆಸರೂ ಹೋಯಿತು. ತಪ್ಪಿನ ಅರಿವಾಗಿ 1861ರಲ್ಲಿ ಕೆಲವನ್ನು ಮರಳಿ ತಂದರು. ಮಗುವಿನ ದಾಖಲೆಯಲ್ಲಿ ಅಪ್ಪ ಅಮ್ಮನ ಮದುವೆಯ ದಿನ ಮತ್ತು ಸ್ಥಳ, ಸಾವಿನ ದಾಖಲೆಯಲ್ಲಿ ಗಂಡ ಅಥವಾ ಹೆಂಡತಿಯ ಹೆಸರು ಹೀಗೆ ಉಳಿದುಕೊಂಡವು. ಆದರೆ 1855ರ ಸಂಪತ್ತು ಪೂರ್ತಿಯಾಗಿ ತಿರುಗಿ ಬರಲಿಲ್ಲ. ಕೆನಡಾದಲ್ಲೋ ನ್ಯೂಜಿಲೆಂಡಿನಲ್ಲೋ ಕುಳಿತು ತಮ್ಮ ಸ್ಕಾಟಿಷ್ ಹಿರಿಯರನ್ನು ಹುಡುಕುವವರಿಗೆ ಆ ಒಂದು ವರ್ಷದಲ್ಲಿ ಮನೆಯ ಯಾರಾದರೂ ಹುಟ್ಟಿದ್ದರೆ, ಮದುವೆಯಾಗಿದ್ದರೆ, ಸತ್ತಿದ್ದರೆ ಅದೇ ದೊಡ್ಡ ಭಾಗ್ಯ.

ಇಷ್ಟು ಕೇಳುವ ಹಟ ಎಲ್ಲಿಂದ ಬಂತು? ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಸರ್ಕಾರಿ ನೋಂದಣಿ 1837ರಲ್ಲೇ ಶುರುವಾಗಿತ್ತು. ಸ್ಕಾಟ್ಲೆಂಡಿನಲ್ಲಿ ಮಸೂದೆಯ ಮೇಲೆ ಮಸೂದೆ ಬಂದು ಬಿದ್ದುಹೋಗುತ್ತಿತ್ತು. ಖರ್ಚು ಯಾರು ಕೊಡಬೇಕು ಎಂಬ ಜಗಳ ಒಂದು ಕಡೆ. ಚರ್ಚಿನ ಪುಸ್ತಕ ಬರೆದು ಶುಲ್ಕ ಪಡೆಯುತ್ತಿದ್ದ ಸೆಷನ್ ಗುಮಾಸ್ತರ ಗತಿಯೇನು ಎಂಬ ಪ್ರಶ್ನೆ ಇನ್ನೊಂದು ಕಡೆ. ಇವರಲ್ಲಿ ಅನೇಕರು ಊರಿನ ಶಾಲಾ ಮೇಷ್ಟ್ರುಗಳು. ನೋಂದಣಿಯ ನೆಪದಲ್ಲಿ ಮದುವೆಯ ಕಾನೂನಿಗೂ ಕೈಹಾಕುತ್ತಾರೆ ಎಂಬ ಅನುಮಾನ ಬೇರೆ. ಕೊನೆಗೆ ಲಾರ್ಡ್ ಎಲ್ಕೋ ತಂದ ಮಸೂದೆ 1854ರಲ್ಲಿ ಪಾಸಾಯಿತು.

ಅದೇ ವರ್ಷ ಜಾರ್ಜ್ ಸೀಟನ್ ಎಂಬ ವಕೀಲ ಸ್ಕಾಟ್ಲೆಂಡಿನ ಪ್ಯಾರಿಷ್‌ಗಳ, ಅಂದರೆ ಒಂದೊಂದು ಚರ್ಚಿನ ವ್ಯಾಪ್ತಿಯ ಊರುಗಳ, ದಾಖಲೆಗಳ ಚರಿತ್ರೆ ಮತ್ತು ಅವುಗಳ ದುಸ್ಥಿತಿಯ ಬಗ್ಗೆ ಒಂದು ಪುಸ್ತಕ ಪ್ರಕಟಿಸಿದ. ಈ ಇಡೀ ಕಥೆಯಲ್ಲಿ ನನಗೆ ಬಹಳ ಹಿಡಿಸಿದ ಮನುಷ್ಯ ಇವನೇ. ಇಲ್ಲದ ದಾಖಲೆಗಳ ಬಗ್ಗೆ ಅಷ್ಟು ಕಾಳಜಿ ಪಟ್ಟವನು ಮುಂದೆ ಹೊಸ ನೋಂದಣಿ ಕಚೇರಿಯ ಮೊದಲ ಕಾರ್ಯದರ್ಶಿಯಾದ. ಮೊದಲ ರಿಜಿಸ್ಟ್ರಾರ್ ಜನರಲ್ ವಿಲಿಯಂ ಪಿಟ್ ದಂಡಾಸ್. ಕಳೆದುಹೋದದ್ದರ ಲೆಕ್ಕ ಹಾಕಿದ್ದವರೇ ಕಚೇರಿಯಲ್ಲಿ ಕುಳಿತಾಗ ಮೊದಲ ವರ್ಷದ ನಮೂನೆ ಅಷ್ಟು ಉದ್ದವಾಗಿದ್ದದ್ದು ನನಗೆ ಆಶ್ಚರ್ಯವಲ್ಲ.

ಸೀಟನ್‌ಗೆ ದುಃಖಪಡಲು ಕಾರಣ ಬೇಕಾದಷ್ಟಿದ್ದವು. 1855ಕ್ಕೆ ಹಿಂದಿನದೆಲ್ಲ ಚರ್ಚ್ ಆಫ್ ಸ್ಕಾಟ್ಲೆಂಡಿನ ಪ್ಯಾರಿಷ್ ಪುಸ್ತಕಗಳಲ್ಲಿತ್ತು. ಸುಮಾರು 900 ಪ್ಯಾರಿಷ್‌ಗಳು, ಸುಮಾರು 3,500 ಸಂಪುಟಗಳು. ಎಲ್ಲಕ್ಕಿಂತ ಹಳೆಯದು ಪರ್ತ್‌ಶೈರಿನ ಎರಲ್ ಪ್ಯಾರಿಷ್‌ನದು, 1553ರಿಂದ ಶುರುವಾಗುತ್ತದೆ. ಪಶ್ಚಿಮದ ದ್ವೀಪಗಳ ಹಲವು ಪ್ಯಾರಿಷ್‌ಗಳಲ್ಲಿ ಹತ್ತೊಂಬತ್ತನೆಯ ಶತಮಾನದವರೆಗೆ ಪುಸ್ತಕವೇ ಇಲ್ಲ. ಬರೆಸಲು ಶುಲ್ಕ ಕೊಡಬೇಕಾದ್ದರಿಂದ ಬಡವರು ಬರೆಸುತ್ತಿರಲಿಲ್ಲ. 1783ರಲ್ಲಿ ಸರ್ಕಾರ ಪ್ರತಿ ನಮೂದಿಗೂ ಮೂರು ಪೆನ್ನಿ ತೆರಿಗೆ ಹಾಕಿತು, 1794ರಲ್ಲಿ ತೆಗೆಯಿತು. ಆ ಹನ್ನೊಂದು ವರ್ಷ ಎಷ್ಟೋ ಮನೆಯವರು ಗುಮಾಸ್ತನ ಕಡೆ ತಲೆಹಾಕಲಿಲ್ಲ. ಬೇರೆ ಪಂಗಡಗಳಿಗೆ ಸೇರಿದವರಲ್ಲಿ ಅನೇಕರು ಈ ಚರ್ಚಿನ ಪುಸ್ತಕದಲ್ಲಿ ಹೆಸರು ಸೇರಿಸಲು ಒಪ್ಪಲಿಲ್ಲ. 1843ರಲ್ಲಿ ಚರ್ಚೇ ಒಡೆದು ಸುಮಾರು 450 ಪಾದ್ರಿಗಳು ಹೊರಬಿದ್ದ ಮೇಲಂತೂ ಖಾಲಿ ಜಾಗಗಳು ಇನ್ನಷ್ಟು ಹೆಚ್ಚಿದವು.

ಆದರೂ ಉಳಿದದ್ದು ಉಳಿಯಿತು. 1820ಕ್ಕೆ ಹಿಂದಿನ ಪುಸ್ತಕಗಳನ್ನು ನೇರವಾಗಿ ಎಡಿನ್‌ಬರೋಗೆ ತರಿಸಿದರು. 1820ರಿಂದ 1854ರವರೆಗಿನವು ಸ್ಥಳೀಯ ರಿಜಿಸ್ಟ್ರಾರರ ಬಳಿ ಮೂವತ್ತು ವರ್ಷ ಇದ್ದು ಆಮೇಲೆ ಬಂದವು. ಅವಕ್ಕಾಗಿ ಕಟ್ಟಿದ ನ್ಯೂ ರಿಜಿಸ್ಟರ್ ಹೌಸ್‌ನ ಗುಮ್ಮಟದ ಒಳಗೆ ಕಬ್ಬಿಣದ ಕಪಾಟುಗಳು ಐದು ಅಂತಸ್ತಿಗೆ ಏರುತ್ತವೆ. ಜನನದ ಸಂಪುಟಗಳಿಗೆ ಕೆಂಪು ರಟ್ಟು, ಮರಣಕ್ಕೆ ಕಪ್ಪು, ಮದುವೆಗೆ ಹಸಿರು. ಪಕ್ಕದ ಐರ್ಲೆಂಡಿನಲ್ಲಿ 1922ರ ಅಂತರ್ಯುದ್ಧದ ಬೆಂಕಿಗೆ ಡಬ್ಲಿನ್‌ನ ದಾಖಲೆ ಭಂಡಾರ ಸುಟ್ಟುಹೋದದ್ದನ್ನು ನೆನೆದರೆ ಸ್ಕಾಟರ ಪುಣ್ಯ ಎಷ್ಟು ದೊಡ್ಡದು ಎಂದು ತಿಳಿಯುತ್ತದೆ.

ಈ ಪುಟಗಳನ್ನು ಲೋಕಕ್ಕೆಲ್ಲ ಹಂಚಿದವರು ಅಟ್ಲಾಂಟಿಕ್‌ನ ಆಚೆಯವರು. ಅಮೆರಿಕದ ಯೂಟಾ ರಾಜ್ಯದ ಮಾರ್ಮನ್ ಪಂಥದವರು ಸತ್ತ ಹಿರಿಯರಿಗೂ ದೀಕ್ಷಾಸ್ನಾನದ ಫಲ ಸಲ್ಲಿಸಬಹುದೆಂದು ನಂಬುತ್ತಾರೆ. ಅದಕ್ಕೆ ಮೊದಲು ಹಿರಿಯರ ಹೆಸರು ಗೊತ್ತಿರಬೇಕು. ಆ ಉದ್ದೇಶಕ್ಕೆ 1894ರಲ್ಲಿ ಹುಟ್ಟಿದ ಯೂಟಾ ವಂಶಾವಳಿ ಸಂಘ 1938ರಲ್ಲಿ ಮೈಕ್ರೋಫಿಲ್ಮ್ ತೆಗೆಯಲು ಆರಂಭಿಸಿತು. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಅದರ ಕ್ಯಾಮೆರಾಗಳು ಬ್ರಿಟನ್ನಿಗೂ ಬಂದವು. ಸ್ಕಾಟ್ಲೆಂಡಿನ ಹಳೆಯ ಪ್ಯಾರಿಷ್ ಪುಸ್ತಕಗಳು, ಜನಗಣತಿಗಳು, 1855ರಿಂದ 1875ರವರೆಗಿನ ಸರ್ಕಾರಿ ನೋಂದಣಿ ಸಂಪುಟಗಳು, ಜೊತೆಗೆ 1881 ಮತ್ತು 1891ರವು ಸುರುಳಿಗಳಾದವು. ಸೀಟನ್ನನ ಕಾಲದ ಆ ದೊಡ್ಡ ನಮೂನೆ ಹೀಗೆ ಸಾಲ್ಟ್ ಲೇಕ್ ಸಿಟಿ ತಲುಪಿತು. ಮೂಲ ಫಿಲ್ಮುಗಳನ್ನು ಇಟ್ಟಿರುವುದು ನಗರದ ಹೊರಗೆ, 1960ರ ದಶಕದಲ್ಲಿ ಬೆಟ್ಟ ಕೊರೆದು ಮಾಡಿದ ಉಗ್ರಾಣದಲ್ಲಿ, ಸುಮಾರು 700 ಅಡಿ ಬಂಡೆಯ ಅಡಿಯಲ್ಲಿ. ಹರಿದ್ವಾರದ ಪಂಡಾಗಳ ವಂಶಾವಳಿ ವಹಿಗಳನ್ನೂ ಇದೇ ಸಂಘ ಫಿಲ್ಮಿಗೆ ಇಳಿಸಿದೆ.

ಫಿಲ್ಮ್ ತೆಗೆದದ್ದನ್ನು ಎಲ್ಲರೂ ಹೊಗಳುತ್ತಾರೆ. ಅದರ ಪಟ್ಟಿ ಮಾಡಿದವರನ್ನು ಯಾರೂ ನೆನೆಯುವುದಿಲ್ಲ ಎಂಬುದು ನನ್ನ ನೋವು. ಒಂದು ಸುರುಳಿ ಎಂದರೆ ಒಂದು ಪ್ಯಾರಿಷ್ ಅಲ್ಲ. ಯಂತ್ರಕ್ಕೆ ಸುರುಳಿ ಸಿಕ್ಕಿಸಿ ಹಿಡಿ ತಿರುಗಿಸಿದರೆ ಮೊದಲು ಒಂದು ಫಲಕ ಕಾಣುತ್ತದೆ, ಆಮೇಲೆ ಒಂದು ಪ್ಯಾರಿಷ್‌ನ ದೀಕ್ಷಾಸ್ನಾನಗಳು. ನಡುವೆ ಅದು ಮುಗಿದು ಇನ್ನೊಂದು ಫಲಕ, ಇನ್ನೊಂದು ಪ್ಯಾರಿಷ್‌ನ ಮದುವೆ ಘೋಷಣೆಗಳು, ಕೊನೆಯಲ್ಲಿ ಮೂರನೆಯದರ ಲೆಕ್ಕದ ಪುಸ್ತಕದ ಅರ್ಧ. ಉಳಿದರ್ಧ ಮುಂದಿನ ಸುರುಳಿಯಲ್ಲಿ. ಇದನ್ನೆಲ್ಲ ಒಬ್ಬರು ಕುಳಿತು ಪೂರ್ತಿ ನೋಡಿ, ಯಾವ ಊರು, ಯಾವ ವರ್ಷದಿಂದ ಯಾವ ವರ್ಷ, ಎಲ್ಲಿ ಪುಟ ಹರಿದಿದೆ, ಸುರುಳಿಯ ಎಷ್ಟನೆಯ ಭಾಗ ಎಂದು ಬರೆದಿಟ್ಟರೆ ಮಾತ್ರ ಹುಡುಕುವವನಿಗೆ ದಾರಿ. ಬರೆದಿಟ್ಟವರ ಹೆಸರು ಎಲ್ಲೂ ಇಲ್ಲ.

ಅವರ ಕೆಲಸಕ್ಕೆ ಅಡಿಪಾಯ ಹಾಕಿದ್ದು ಎಡಿನ್‌ಬರೋ ಕಚೇರಿಯೇ. ಹಳೆಯ ಪ್ಯಾರಿಷ್ ಪುಸ್ತಕಗಳ ವಿವರವಾದ ಪಟ್ಟಿಯನ್ನು ಅದು 1872ರಲ್ಲಿ ಅಚ್ಚು ಹಾಕಿಸಿತು. ಉತ್ತರದ ಶೆಟ್‌ಲ್ಯಾಂಡ್ ದ್ವೀಪಗಳಿಂದ ದಕ್ಷಿಣದ ವಿಗ್‌ಟೌನ್‌ವರೆಗೆ ಪ್ಯಾರಿಷ್‌ಗಳಿಗೆ ಕ್ರಮವಾಗಿ ಸಂಖ್ಯೆ: ಬ್ರೆಸ್ಸೆ 1, ಏರ್ 578, ಗ್ಲಾಸ್ಗೋ 644, ಎಡಿನ್‌ಬರೋ 685, ವಿಗ್‌ಟೌನ್ 901. ಈ ಸಂಖ್ಯೆಗಳು ಇವತ್ತಿಗೂ ಬಳಕೆಯಲ್ಲಿವೆ. 1970ರಲ್ಲಿ ಯೂಟಾದ ವಿ. ಬೆನ್ ಬ್ಲಾಕ್ಸಮ್ ಪ್ಯಾರಿಷ್‌ವಾರು ದಾಖಲೆಗಳನ್ನೂ ಅವುಗಳ ಫಿಲ್ಮ್ ಸಂಖ್ಯೆಯನ್ನೂ ಜೋಡಿಸಿ ಒಂದು ಕೈಪಿಡಿ ತಂದ. ಓದುವ ಪುಸ್ತಕವಲ್ಲ, ಬರೀ ಕೋಷ್ಟಕ. ಆದರೂ ಅದು ಎಷ್ಟು ಮನೆಗಳ ಬೀಗ ತೆಗೆದಿರಬಹುದು ಎಂದು ಯೋಚಿಸಿದರೆ ಗೌರವ ಮೂಡುತ್ತದೆ.

ಆಮೇಲೆ ಹೆಸರಿನ ಸೂಚಿ ಬಂತು, ಮೊದಲು ಮೈಕ್ರೋಫಿಶ್ ಹಾಳೆಗಳಲ್ಲಿ, ಬಳಿಕ ಕಂಪ್ಯೂಟರಿನಲ್ಲಿ. ಸ್ಕಾಟ್ಲೆಂಡಿನ ದೀಕ್ಷಾಸ್ನಾನ ಮತ್ತು ಮದುವೆಗಳ ಬಹುಪಾಲು ಅದರಲ್ಲಿ ಸೇರಿದ್ದರಿಂದ ಎಲ್ಲವೂ ಸಿಕ್ಕಿತು ಎಂಬ ಭಾವನೆ ಬಂತು. ಸಿಕ್ಕಿರಲಿಲ್ಲ. ಸೂಚಿಯಲ್ಲಿ ಮಗುವಿನ ಹೆಸರು, ಅಪ್ಪ ಅಮ್ಮ, ದಿನಾಂಕ, ಪ್ಯಾರಿಷ್ ಇರುತ್ತವೆ. ಪುಟ ತೆರೆದರೆ ಅಪ್ಪ ಯಾವ ಹೊಲದಲ್ಲಿ ದುಡಿಯುತ್ತಿದ್ದ, ಸಾಕ್ಷಿಗಳಾಗಿ ನಿಂತ ಇಬ್ಬರು ಯಾರು ಎಂಬುದೂ ಇರಬಹುದು. ಆ ಸಾಕ್ಷಿಗಳು ಹೆಚ್ಚಾಗಿ ನೆಂಟರು. ಒಂದೇ ದಿನಾಂಕದಡಿ ಒಂದೇ ಮನೆಯ ನಾಲ್ಕಾರು ಮಕ್ಕಳನ್ನು ಒಟ್ಟಿಗೆ ಬರೆಸಿದ್ದೂ ಕಾಣುತ್ತದೆ. ಮದುವೆ ಎಂದು ಸೂಚಿಯಲ್ಲಿರುವುದು ಎಷ್ಟೋ ಕಡೆ ಮದುವೆಯಲ್ಲ, ಚರ್ಚಿನಲ್ಲಿ ಕೂಗಿ ಹೇಳಿದ ಘೋಷಣೆ. ಹುಡುಗ ಹುಡುಗಿ ಬೇರೆ ಬೇರೆ ಪ್ಯಾರಿಷ್‌ನವರಾದರೆ ಎರಡು ಕಡೆ ಎರಡು ದಿನಾಂಕ.

ಸಾವಿನ ಮಾತಂತೂ ಬೇರೆಯೇ. ಹಳೆಯ ಪುಸ್ತಕಗಳಲ್ಲಿ ಹೂಳಿದವರ ಪಟ್ಟಿ ಅನೇಕ ಊರುಗಳಲ್ಲಿ ಇಲ್ಲವೇ ಇಲ್ಲ. ಆದರೆ ಶವಪೆಟ್ಟಿಗೆಯ ಮೇಲೆ ಹೊದಿಸುವ ಕಪ್ಪು ವೆಲ್ವೆಟ್ ಬಟ್ಟೆ ಚರ್ಚಿನದಾಗಿತ್ತು. ಅದನ್ನು ಬಾಡಿಗೆಗೆ ಕೊಟ್ಟು, ಬಂದ ಹಣವನ್ನು ಬಡವರ ನಿಧಿಗೆ ಹಾಕುತ್ತಿದ್ದರು. ಯಾರ ಮನೆಗೆ ಯಾವ ದಿನ ಬಟ್ಟೆ ಹೋಯಿತು ಎಂಬ ಸಾಲು ಲೆಕ್ಕದ ಪುಸ್ತಕದಲ್ಲಿದೆ. ಹೆಸರಿನ ಸೂಚಿ ನಿಮ್ಮನ್ನು ಅಲ್ಲಿಗೆ ಕರೆದೊಯ್ಯುವುದಿಲ್ಲ. ಈ ಸುರುಳಿಯ ಕೊನೆಯಲ್ಲಿ ಲೆಕ್ಕಪತ್ರ ಎಂದು ಬರೆದಿಟ್ಟ ಪಟ್ಟಿಗಾರರು ಮಾತ್ರ ಕರೆದೊಯ್ಯುತ್ತಾರೆ. ಪಾದ್ರಿ ಮತ್ತು ಹಿರಿಯರ ಸಭೆಯ ನಡಾವಳಿಯೂ ಹಾಗೆಯೇ. ಮದುವೆಗೆ ಮೊದಲೇ ಬಸಿರಾದ ಹೆಣ್ಣನ್ನು ಆ ಸಭೆ ಕರೆಸಿ ಅಪ್ಪ ಯಾರೆಂದು ವಿಚಾರಿಸುತ್ತಿತ್ತು. ಕವಿ ರಾಬರ್ಟ್ ಬರ್ನ್ಸ್ 1786ರಲ್ಲಿ ಮಾಚ್ಲಿನ್ ಚರ್ಚಿನಲ್ಲಿ ನಿಂತು ಛೀಮಾರಿ ಕೇಳಿದ್ದು ಇಂಥ ವಿಚಾರಣೆಯ ಫಲವಾಗಿಯೇ. ಈ ನಡಾವಳಿಗಳ ಚಿತ್ರಗಳು 2021ರಲ್ಲಿ ಸ್ಕಾಟ್ಲೆಂಡಿನ ಸರ್ಕಾರಿ ತಾಣ ಸ್ಕಾಟ್ಲೆಂಡ್ಸ್‌ಪೀಪಲ್‌ನಲ್ಲಿ ತೆರೆದುಕೊಂಡಾಗ ಹೆಸರಿನ ಸೂಚಿ ಇರಲಿಲ್ಲ. ಊರು ಹಿಡಿದು, ಸಂಪುಟ ಹಿಡಿದು, ಪುಟ ತಿರುವಿಯೇ ನೋಡಬೇಕಿತ್ತು.

ಬಹಳ ಕಾಲ ಯಾವ ದೇಶದಲ್ಲಿದ್ದರೂ ಮಾರ್ಮನ್ನರ ಹತ್ತಿರದ ಕುಟುಂಬ ಇತಿಹಾಸ ಕೇಂದ್ರಕ್ಕೆ ಹೋಗಿ ಪಟ್ಟಿಯಲ್ಲಿ ಸಂಖ್ಯೆ ಹುಡುಕಿ ಸ್ವಲ್ಪ ಹಣ ಕಟ್ಟಿದರೆ ಸುರುಳಿ ಅಂಚೆಯಲ್ಲಿ ಬರುತ್ತಿತ್ತು. 2017ರ ಸೆಪ್ಟೆಂಬರ್‌ನಲ್ಲಿ ಅದು ನಿಂತಿತು. ಸಂಘದ ಈಗಿನ ರೂಪವಾದ ಫ್ಯಾಮಿಲಿಸರ್ಚ್ ತನ್ನ 24 ಲಕ್ಷ ಸುರುಳಿಗಳನ್ನು ಡಿಜಿಟಲ್ ಮಾಡಿ ಮುಗಿಸಿದ್ದು 2021ರಲ್ಲಿ. ಆದರೆ ಸ್ಕಾಟಿಷ್ ರಿಜಿಸ್ಟರುಗಳ ಪುಟ ನೋಡಲು ಮುಖ್ಯ ದಾರಿ 2002ರಲ್ಲಿ ಬಂದ ಸ್ಕಾಟ್ಲೆಂಡ್ಸ್‌ಪೀಪಲ್. ಅಲ್ಲಿ ಹಣ ಕೊಟ್ಟು ಒಂದೊಂದೇ ಪುಟ ತೆರೆಯಬೇಕು. ಸುರುಳಿ ತಿರುಗಿಸುತ್ತ ಅಕ್ಕಪಕ್ಕದ ಮನೆಗಳನ್ನೂ ನೋಡಿಕೊಂಡು ಹೋಗುತ್ತಿದ್ದ ಓದು ಇದರಿಂದ ಹೊರಟುಹೋಯಿತು. ಅದು ನನಗೆ ಸಹಿಸಲಾಗದ ನಷ್ಟ. ಅಡ್ಡಹೆಸರು ಟೈಪ್ ಮಾಡಿ ಸಿಗಲಿಲ್ಲ ಎಂದು ಕೈಬಿಡುವವರು ಫ್ಯಾಮಿಲಿಸರ್ಚ್ ಕ್ಯಾಟಲಾಗಿನಲ್ಲಿ ಊರಿನ ಹೆಸರು ಹಾಕಿ ಒಮ್ಮೆ ನೋಡಲಿ.

ಇದರಲ್ಲಿ ನಮ್ಮ ನಾಡಿನ ಪಾಲೂ ಇದೆ. ಮೈಸೂರು ಸೀಮೆಯ ಸರ್ವೆ ಮಾಡುತ್ತ ಊರೂರಿನ ಕೈಫಿಯತ್ತುಗಳನ್ನೂ ವಂಶಾವಳಿಗಳನ್ನೂ ಕಲೆಹಾಕಿಸಿದ ಕಾಲಿನ್ ಮೆಕೆಂಜಿ ಸ್ಕಾಟ್ಲೆಂಡಿನ ಪಶ್ಚಿಮದ ಲೂಯಿಸ್ ದ್ವೀಪದ ಸ್ಟೋರ್ನೊವೇಯವನು. ಕೆನರಾದ ಮೊದಲ ಬ್ರಿಟಿಷ್ ಕಲೆಕ್ಟರ್ ಥಾಮಸ್ ಮನ್ರೋ ಗ್ಲಾಸ್ಗೋದವನು, ಹುಟ್ಟಿದ್ದು 1761ರ ಮೇ 27. ಇತ್ತ ಮೆಕೆಂಜಿಯ ಜನ್ಮವರ್ಷವನ್ನೇ 1754ರ ಸುಮಾರು ಎಂದು ಅಂದಾಜಿನಲ್ಲಿ ಹೇಳುತ್ತಾರೆ. ಈಸ್ಟ್ ಇಂಡಿಯಾ ಕಂಪನಿಯ ಸೈನ್ಯಕ್ಕೆ ಕೆಡೆಟ್ ಆಗಿ ಸೇರುವ ಹುಡುಗರು ದೀಕ್ಷಾಸ್ನಾನದ ನಕಲು ತರಬೇಕಿತ್ತು. ಅಂಥ ನಕಲುಗಳು ಲಂಡನ್ನಿನ ಇಂಡಿಯಾ ಆಫೀಸ್ ಕಡತಗಳಲ್ಲಿವೆ. ಬೆಂಗಳೂರು ದಂಡಿನ ದೀಕ್ಷಾಸ್ನಾನ, ಮದುವೆ, ಹೂಳಿದ ದಾಖಲೆಗಳ ಪ್ರತಿ ಮದ್ರಾಸಿಗೆ ಹೋಗಿ ಅಲ್ಲಿಂದ ಲಂಡನ್ ಸೇರುತ್ತಿತ್ತು. ಯೂಟಾದವರು ಅವನ್ನೂ ಫಿಲ್ಮ್ ಮಾಡಿದ್ದಾರೆ. ಆದರೆ ಹೂಳಿದ ದಾಖಲೆಯಲ್ಲಿ ಅಪ್ಪ ಅಮ್ಮನ ಹೆಸರಿರುವುದಿಲ್ಲ. ನಿವೃತ್ತನಾದ ಸಿಪಾಯಿಯಾದರೆ ಪಿಂಚಣಿ ಕಾಗದದಲ್ಲಿ ಹುಟ್ಟಿದ ಪ್ಯಾರಿಷ್ ಸಿಗುತ್ತದೆ. ಇಲ್ಲೇ ಸತ್ತವನಿಗೆ ಪಿಂಚಣಿ ಕಾಗದವೇ ಇಲ್ಲ. ಅವನ ಅಕ್ಕನೋ ತಮ್ಮನೋ ಊರಿನಲ್ಲಿ ಉಳಿದಿದ್ದು 1855ರಲ್ಲಿ ತೀರಿಕೊಂಡಿದ್ದರೆ, ಆ ಉದ್ದ ನಮೂನೆಯ ಪುಟದಲ್ಲಿ ಇಬ್ಬರ ಅಪ್ಪ ಅಮ್ಮನೂ ಸಿಗುತ್ತಾರೆ.