ಮಗನನ್ನು ಬೆಂಗಳೂರಿಗೆ ಕಳಿಸೋಕೆ ಎಷ್ಟು ದುಡ್ಡು ಬೇಕು?



ಹೋದ ವಾರ ಮಳವಳ್ಳಿ ಕಡೆಯಿಂದ ಒಬ್ಬರು ಫೋನ್ ಮಾಡಿದ್ರು. ರಾಜಕೀಯ ಮಾತಾಡ್ತಾರೆ ಅಂದ್ಕೊಂಡೆ. ಇಲ್ಲ. ಅವರು ಕೇಳಿದ್ದು ಇಷ್ಟು: "ಸಾರ್, ನನ್ ಮಗ ಡಿಗ್ರಿ ಮುಗಿಸ್ದ. ಬೆಂಗ್ಳೂರ್ಗ್ ಹೋಯ್ತೀನಿ ಅಂತಾವ್ನೆ. ಏಟ್ ದುಡ್ ಕೊಟ್ ಕಳುಸ್ಬೇಕು? ಅವರವ್ವನ್ ಸರ ಅಡ ಇಡೋದಾ, ಇಲ್ಲ ಅರ್ಧ ಎಕ್ರೆ ಗದ್ದೆ ಭೋಗ್ಯಕ್ ಹಾಕೋದಾ?"

ನನಗೆ ಫೋನಲ್ಲಿ ಉತ್ತರ ಹೇಳೋಕೆ ಆಗಲಿಲ್ಲ. "ಯೋಚನೆ ಮಾಡಿ ಹೇಳ್ತೀನಿ ಯಜಮಾನ್ರೇ" ಅಂದೆ. ಇವತ್ತು ಹೇಳ್ತೀನಿ. ಯಾಕಂದ್ರೆ ಇದು ಅವರೊಬ್ಬರ ಪ್ರಶ್ನೆ ಅಲ್ಲ. ಪ್ರತಿ ವರ್ಷ ಫೈನಲ್ ಸೆಮಿಸ್ಟರ್ ರಿಸಲ್ಟ್ ಬಂದ ಮೇಲೆ ಮಂಡ್ಯ, ಮದ್ದೂರು, ಮಳವಳ್ಳಿಯ ಸಾವಿರಾರು ಮನೆಗಳಲ್ಲಿ ರಾತ್ರಿ ಊಟ ಆದ ಮೇಲೆ ನಡೆಯೋ ಮಾತು ಇದೇ.

ಮೊದಲು ಒಂದು ವಿಷಯ ನೆನಪು ಮಾಡಿಕೊಳ್ಳೋಣ. ಮಳವಳ್ಳಿಯಿಂದ ಬೆಂಗಳೂರಿಗೆ ಹೋಗೋದು ಹೊಸದೇನಲ್ಲ. 1902ರಲ್ಲಿ ಶಿವನಸಮುದ್ರದಲ್ಲಿ ಕರೆಂಟ್ ತಯಾರಾಗಿ ಮೊದಲು ಕೋಲಾರದ ಚಿನ್ನದ ಗಣಿಗೆ ಹೋಯ್ತು. 1905ರಲ್ಲಿ ಬೆಂಗಳೂರಿನ ಬೀದಿ ದೀಪ ಹತ್ತಿದ್ದು ಅದೇ ಕರೆಂಟಿನಿಂದ. ಆಮೇಲೆ ನೀರು. ಮಳವಳ್ಳಿ ತಾಲೂಕಿನ ತೊರೆಕಾಡನಹಳ್ಳಿಯಿಂದ, ನಾವು ಟಿ.ಕೆ. ಹಳ್ಳಿ ಅಂತೀವಲ್ಲ, ಅಲ್ಲಿಂದ 1974ರಲ್ಲಿ ಕಾವೇರಿ ಮೊದಲನೇ ಹಂತದ ನೀರು ಬೆಂಗಳೂರಿಗೆ ಹರಿಯಿತು. 2024ರ ಅಕ್ಟೋಬರ್ 16ಕ್ಕೆ ಐದನೇ ಹಂತದ ಉದ್ಘಾಟನೆ ನಡೆದದ್ದೂ ಅದೇ ಟಿ.ಕೆ. ಹಳ್ಳಿಯಲ್ಲೇ. ದಿನಕ್ಕೆ ಇನ್ನೂ 77 ಕೋಟಿ 50 ಲಕ್ಷ ಲೀಟರ್. ಕರೆಂಟು ಹೋಯ್ತು, ನೀರು ಹೋಯ್ತು, ಅಕ್ಕಿ, ಬೆಲ್ಲ, ಹಾಲು, ಎಳನೀರು ಹೋಗ್ತಾನೇ ಇದೆ. ಈಗ ಮಕ್ಕಳು ಹೋಗ್ತಿದ್ದಾರೆ.

ಇದು ಬರೀ ಭಾವನೆಯ ಮಾತಲ್ಲ. ಜನಗಣತಿ ತೆಗೆದು ನೋಡಿ. 2001ರಿಂದ 2011ರ ಹತ್ತು ವರ್ಷದಲ್ಲಿ ಬೆಂಗಳೂರು ನಗರ ಜಿಲ್ಲೆಯ ಜನಸಂಖ್ಯೆ ನೂರಕ್ಕೆ 47ರಷ್ಟು ಏರಿತು. ಅದೇ ಹತ್ತು ವರ್ಷದಲ್ಲಿ ಮಂಡ್ಯ ಜಿಲ್ಲೆ ಬೆಳೆದದ್ದು ನೂರಕ್ಕೆ ಎರಡೂವರೆಗಿಂತಲೂ ಕಡಿಮೆ. ಮಂಡ್ಯದಲ್ಲಿ ಮಕ್ಕಳು ಹುಟ್ಟಲಿಲ್ವಾ? ಹುಟ್ಟಿದ್ರು. ಹುಟ್ಟಿ, ಬೆಳೆದು, ಓದಿ, ಗಂಟುಮೂಟೆ ಕಟ್ಟಿದ್ರು.

ಸರಿ, ಈಗ ದುಡ್ಡಿನ ಲೆಕ್ಕಕ್ಕೆ ಬರೋಣ.

ಮಗನಿಗೆ ಆಫರ್ ಲೆಟರ್ ಬಂದಿದೆ, "ಮೂರೂವರೆ ಲಕ್ಷದ ಪ್ಯಾಕೇಜ್" ಅಂತ ಊರೆಲ್ಲ ಹೇಳಿಕೊಂಡಿದ್ದೀರಿ. ಹೇಳಿಕೊಳ್ಳಿ, ತಪ್ಪೇನಿಲ್ಲ. ಆದರೆ ಆ ಕಾಗದದಲ್ಲಿ ಸಿಟಿಸಿ ಅಂತ ಬರೆದಿರುತ್ತೆ. ಅದರ ಅರ್ಥ, ನಿಮ್ಮ ಮಗನಿಗೋಸ್ಕರ ಕಂಪನಿ ವರ್ಷಕ್ಕೆ ಮಾಡೋ ಒಟ್ಟು ಖರ್ಚು. ಕೈಗೆ ಬರೋ ಸಂಬಳ ಅಲ್ಲ. ಮೂರೂವರೆ ಲಕ್ಷವನ್ನ ಹನ್ನೆರಡರಿಂದ ಭಾಗಿಸಿದರೆ ತಿಂಗಳಿಗೆ 29,166 ರೂಪಾಯಿ. ಇದರೊಳಗೇ ಪಿಎಫ್‌ಗೆ ಮಗನ ಪಾಲು ಇದೆ, ಕಂಪನಿಯ ಪಾಲೂ ಇದೆ. ಗ್ರಾಚ್ಯುಟಿ, ಇನ್ಶೂರೆನ್ಸ್, ವೃತ್ತಿ ತೆರಿಗೆ ಎಲ್ಲ ಇದೆ. ಕೆಲವು ಕಡೆ ಒಂದು ಭಾಗವನ್ನ "ವೇರಿಯಬಲ್ ಪೇ" ಅಂತ ಇಟ್ಟಿರ್ತಾರೆ. ಅದು ಕೊಟ್ಟಾಗ ಮಾತ್ರ ನಮ್ಮದು. ಇದೆಲ್ಲ ಕಳೆದು 24 ಸಾವಿರ ಕೈಗೆ ಬರುತ್ತೆ ಅಂತ ಇಟ್ಕೊಳ್ಳಿ. ಐಟಿ ಕಂಪನಿಗಳಲ್ಲಿ ಹೊಸಬರ ಸಂಬಳ ಹತ್ತು–ಹನ್ನೆರಡು ವರ್ಷದಿಂದ ಹೆಚ್ಚುಕಮ್ಮಿ ಇದೇ ಮಟ್ಟದಲ್ಲಿ ನಿಂತಿದೆ. ಬಾಡಿಗೆ ಮಾತ್ರ ನಿಂತಿಲ್ಲ.

ಬಾಡಿಗೆ ಅಂದೆನಲ್ಲ, ನಿಮ್ಮ ಗದ್ದೆ ಭೋಗ್ಯಕ್ಕೆ ಹೋಗೋ ಅಪಾಯ ಇರೋದು ಇಲ್ಲೇ. ಬೆಂಗಳೂರಿನಲ್ಲಿ ಮನೆ ಹಿಡಿಯೋಕೆ ಅಡ್ವಾನ್ಸ್ ಕೊಡಬೇಕು. ಹಳೇ ಪದ್ಧತಿ ಹತ್ತು ತಿಂಗಳ ಬಾಡಿಗೆ. ಈಗ ಕೆಲವರು ಐದು–ಆರು ತಿಂಗಳಿಗೆ ಇಳಿದಿದ್ದಾರೆ. 20 ಸಾವಿರ ಬಾಡಿಗೆಯ ಮನೆ ಅಂದ್ರೆ ಅಡ್ವಾನ್ಸೇ ಒಂದರಿಂದ ಎರಡು ಲಕ್ಷ. ಕೇಂದ್ರ ಸರ್ಕಾರ 2021ರಲ್ಲಿ ಮಾದರಿ ಬಾಡಿಗೆ ಕಾಯ್ದೆ ತಂದು, ವಾಸದ ಮನೆಗೆ ಎರಡು ತಿಂಗಳಿಗಿಂತ ಹೆಚ್ಚು ಅಡ್ವಾನ್ಸ್ ಬೇಡ ಅಂತ ಹೇಳಿತು. ಆದರೆ ಅದು ಮಾದರಿ ಮಾತ್ರ. ಮನೆ ಮಾಲೀಕರ ಬಾಯಲ್ಲಿ ಇನ್ನೂ ಹಳೇ ಲೆಕ್ಕವೇ ಇದೆ. ಬಿಡುವಾಗ ಪೇಂಟಿಂಗ್‌ಗೆ ಅಂತ ಒಂದು ತಿಂಗಳ ಬಾಡಿಗೆ ಮುರಿದುಕೊಳ್ಳೋದೂ ರೂಢಿ.

ಅಗ್ರಿಮೆಂಟ್ ಯಾಕೆ ಯಾವಾಗಲೂ ಹನ್ನೊಂದೇ ತಿಂಗಳಿಗೆ ಮಾಡ್ತಾರೆ ಗೊತ್ತಾ? 1908ರ ನೋಂದಣಿ ಕಾಯ್ದೆ ಪ್ರಕಾರ ಒಂದು ವರ್ಷ ಮೀರಿದ ಬಾಡಿಗೆ ಕರಾರನ್ನು ಕಡ್ಡಾಯವಾಗಿ ರಿಜಿಸ್ಟರ್ ಮಾಡಿಸಬೇಕು. ಆ ಖರ್ಚು, ಓಡಾಟ ತಪ್ಪಿಸೋಕೆ ಹನ್ನೊಂದು ತಿಂಗಳು. ಹಾಗಂತ ಬಾಯಿ ಮಾತಲ್ಲಿ ಮನೆ ಹಿಡಿಯಬೇಡಿ. ಅಡ್ವಾನ್ಸ್ ಹಣ ಬ್ಯಾಂಕ್ ಮೂಲಕವೇ ಹೋಗಲಿ, ಅಗ್ರಿಮೆಂಟಲ್ಲಿ ಮೊತ್ತ ಬರೆಸಿ, ಮನೆಗೆ ಹೋದ ದಿನವೇ ಗೋಡೆ, ನಲ್ಲಿ, ಬಾಗಿಲು ಎಲ್ಲ ಫೋಟೋ ತೆಗೆದಿಡಲಿ. ಇನ್ನು "ಲೀಸ್‌ಗೆ ಮನೆ ಇದೆ, ಒಂದೇ ಸಲ ಲಕ್ಷಗಟ್ಟಲೆ ಕೊಡಿ, ಬಾಡಿಗೆ ಬೇಡ" ಅಂತ ಮಧ್ಯವರ್ತಿ ಹೇಳಿದರೆ, ನಿಜವಾದ ಮಾಲೀಕರ ಮುಖ ನೋಡದೆ, ಪತ್ರ ನೋಡದೆ ಒಂದು ರೂಪಾಯಿ ಕೊಡಬೇಡಿ.

ಹಾಗಾದ್ರೆ ಹೊಸದಾಗಿ ಹೋಗೋ ಹುಡುಗ ಏನು ಮಾಡಬೇಕು? ಮೊದಲ ಆರು ತಿಂಗಳು ಮನೆ ಹಿಡಿಯೋದೇ ಬೇಡ. ಪಿಜಿಗೆ ಹೋಗಲಿ. ಅಲ್ಲಿ ಅಡ್ವಾನ್ಸ್ ಕಡಿಮೆ, ಮಂಚ, ಹಾಸಿಗೆ, ಊಟ ಇರುತ್ತೆ. ಮುದ್ದೆ, ಬಸ್ಸಾರು ಸಿಗಲ್ಲ, ಅದು ಬೇರೆ ಮಾತು. ಬಿಡುವಾಗ ಎಷ್ಟು ದಿನ ಮೊದಲು ಹೇಳಬೇಕು, ಅಡ್ವಾನ್ಸಲ್ಲಿ ಎಷ್ಟು ವಾಪಸ್ ಬರುತ್ತೆ ಅಂತ ಸೇರುವಾಗಲೇ ಕೇಳಿ ಬರೆಸಿಕೊಳ್ಳಲಿ.

ಪಿಜಿ ಎಲ್ಲಿ ನೋಡಬೇಕು ಅನ್ನೋದೂ ಮುಖ್ಯ. ನಮ್ಮ ಕಡೆ ಜನ ಮೊದಲಿಂದ ಮೈಸೂರು ರಸ್ತೆಯ ಬದಿಯಲ್ಲಿ ನೆಲೆ ನಿಂತವರು. ಕೆಂಗೇರಿ, ನಾಯಂಡಹಳ್ಳಿ, ವಿಜಯನಗರ. "ಚಿಕ್ಕಪ್ಪನ ಮನೆ ವಿಜಯನಗರದಲ್ಲೇ ಐತಲ್ಲ, ಅಲ್ಲೇ ಇರ್ಲಿ" ಅಂತೀರಿ. ಆದರೆ ಕೆಲಸ ಸಿಕ್ಕಿರೋದು ವೈಟ್‌ಫೀಲ್ಡಲ್ಲಿ, ಊರಿನ ಇನ್ನೊಂದು ತುದಿಯಲ್ಲಿ. ನೇರಳೆ ಮೆಟ್ರೋ 2023ರ ಅಕ್ಟೋಬರ್‌ನಿಂದ ಚಲ್ಲಘಟ್ಟದಿಂದ ವೈಟ್‌ಫೀಲ್ಡ್‌ವರೆಗೆ ಪೂರ್ತಿ ಓಡ್ತಿದೆ, ನಿಜ. ಆದರೆ 2025ರ ಫೆಬ್ರವರಿಯಲ್ಲಿ ಅದರ ಗರಿಷ್ಠ ದರ 60ರಿಂದ 90 ರೂಪಾಯಿಗೆ ಏರಿತು. ಕೆಂಗೇರಿಯಿಂದ ವೈಟ್‌ಫೀಲ್ಡ್‌ಗೆ ಹೋಗಿ ಬರೋದು ಅಂದ್ರೆ ದಿನಕ್ಕೆ 180 ರೂಪಾಯಿ. 24 ದಿನಕ್ಕೆ 4,320. ನೆಂಟರ ಮನೆಯಲ್ಲಿ ಉಳಿಸಿದ ದುಡ್ಡು ರೈಲಿಗೆ ಹೋಯ್ತು, ದಿನಕ್ಕೆ ಮೂರು ಗಂಟೆಯೂ ಹೋಯ್ತು.

ಮಳವಳ್ಳಿ ಹುಡುಗರ ದಾರಿ ಬೇರೆ. ಮಳವಳ್ಳಿಗೆ ರೈಲಿಲ್ಲ, ಬಸ್ಸು ಕನಕಪುರದ ಮೇಲೆ ಬರುತ್ತೆ. ಅವರಿಗೆ ಕನಕಪುರ ರಸ್ತೆ, ಬನಶಂಕರಿ ಕಡೆ ಅನುಕೂಲ. ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೆಲಸ ಆದ್ರೆ, ರೇಷ್ಮೆ ಸಂಸ್ಥೆ ನಿಲ್ದಾಣದಿಂದ ಹಸಿರು ಮೆಟ್ರೋ ಹತ್ತಿ ಆರ್.ವಿ. ರಸ್ತೆಯಲ್ಲಿ 2025ರ ಆಗಸ್ಟಲ್ಲಿ ಶುರುವಾದ ಹಳದಿ ಮಾರ್ಗಕ್ಕೆ ಬದಲಾಯಿಸಬಹುದು.

ಮಂಡ್ಯ, ಮದ್ದೂರಿನವರಿಗೆ ಇನ್ನೊಂದು ದಾರಿ ಇದೆ. ಮನೆಯಿಂದಲೇ ಓಡಾಡೋದು. ರೈಲ್ವೆ ಸೀಸನ್ ಟಿಕೆಟ್ 150 ಕಿ.ಮೀ.ವರೆಗೆ ಕೊಡ್ತಾರೆ, ನಮ್ಮೆರಡು ಸ್ಟೇಷನ್ನೂ ನೂರರೊಳಗೇ ಇವೆ. ಬೆಳಿಗ್ಗೆ ಚಾಮುಂಡಿ ಎಕ್ಸ್‌ಪ್ರೆಸ್ಸಲ್ಲಿ ಕಾಲಿಡೋಕೆ ಜಾಗ ಇರಲ್ಲ ಯಾಕೆ ಅಂದ್ರೆ ಇದಕ್ಕೇ. ಹೆಣ್ಣುಮಕ್ಕಳಿಗೆ 2023ರ ಜೂನ್ 11ರಿಂದ ಶಕ್ತಿ ಯೋಜನೆಯ ಬಸ್ಸೂ ಇದೆ. ಕೆಲಸ ಮೆಜೆಸ್ಟಿಕ್ ಸುತ್ತಮುತ್ತ ಇದ್ದರೆ ಮೊದಲ ಕೆಲವು ತಿಂಗಳು ಹೀಗೆ ಓಡಾಡೋದೇ ಲಾಭ. ವೈಟ್‌ಫೀಲ್ಡ್ ಆದ್ರೆ ಬೇಡ, ಮೈ ಕರಗಿ ಹೋಗುತ್ತೆ. ಇನ್ನು ಬೈಕಲ್ಲಿ ಹೋಗ್ತೀನಿ ಅನ್ನೋರಿಗೆ: ಎಕ್ಸ್‌ಪ್ರೆಸ್‌ವೇನಲ್ಲಿ 2023ರ ಆಗಸ್ಟ್ 1ರಿಂದ ದ್ವಿಚಕ್ರ ವಾಹನಕ್ಕೆ ಪ್ರವೇಶ ಇಲ್ಲ. ಗೆಜ್ಜಲಗೆರೆಯಲ್ಲಿ ಉದ್ಘಾಟನೆ ಆದ ರಸ್ತೆ, ಗೆಜ್ಜಲಗೆರೆ ಹುಡುಗನ ಬೈಕಿಗಿಲ್ಲ. ಸರ್ವೀಸ್ ರಸ್ತೆಯಲ್ಲೇ ಹೋಗಬೇಕು.

ಈಗ ತಿಂಗಳ ಲೆಕ್ಕ ಹಾಕೋಣ. ಒಂದು ಉದಾಹರಣೆ ಅಷ್ಟೇ, ನಿಮ್ಮ ಅಂಕಿ ನೀವು ಹಾಕಿಕೊಳ್ಳಿ. ಕೈಗೆ ಬಂದದ್ದು 24,000. ಹಂಚಿಕೊಂಡ ರೂಮಿನ ಪಿಜಿ 8,500. ಓಡಾಟ 3,000. ಆಫೀಸಲ್ಲಿ ಮಧ್ಯಾಹ್ನದ ಊಟ, ಕಾಫಿ 3,000. ಫೋನು, ಸೋಪು, ಬಟ್ಟೆ, ಔಷಧಿ 2,500. ತಿಂಗಳಿಗೆ ಎರಡು ಸಲ ಊರಿಗೆ ಬಂದು ಹೋಗೋಕೆ 1,000. ಉಳಿದದ್ದು 6,000. ಎಜುಕೇಶನ್ ಲೋನ್ ಇದ್ದರೆ ಕೋರ್ಸ್ ಮುಗಿದು ಸಾಮಾನ್ಯವಾಗಿ ಒಂದು ವರ್ಷಕ್ಕೆ ಕಂತು ಶುರುವಾಗುತ್ತೆ. ಕಂತು ಕಟ್ಟದ ವರ್ಷಗಳಲ್ಲೂ ಬಡ್ಡಿ ಬೆಳೀತಾನೇ ಇತ್ತು ಅನ್ನೋದು ಎಷ್ಟೋ ಅಪ್ಪಂದಿರಿಗೆ ಗೊತ್ತೇ ಇರಲ್ಲ. ಕಂತು 5,000 ಅಂದ್ರೆ ಕೊನೆಗೆ ಕೈಯಲ್ಲಿ ಉಳಿಯೋದು ಒಂದು ಸಾವಿರ.

ಒಂದು ಸಾವಿರ! ಇದಕ್ಕೆ ಅವರವ್ವನ ಸರ ಅಡ ಇಡಬೇಕಾ?

ಹಾಗಾದ್ರೆ ಹುಡುಗರು ಯಾಕೆ ಹೋಗ್ತಾರೆ? ಕಾರಣ ಬರೀ ಸಂಬಳ ಅಲ್ಲ. 2023ರ ಫೆಬ್ರವರಿಯಲ್ಲಿ ಮದ್ದೂರು ತಾಲೂಕಿನ ಕೆ.ಎಂ. ದೊಡ್ಡಿಯಿಂದ ಮಲೆ ಮಹದೇಶ್ವರ ಬೆಟ್ಟಕ್ಕೆ ಬ್ರಹ್ಮಚಾರಿಗಳ ಪಾದಯಾತ್ರೆ ಹೊರಟಿತ್ತು, ನೆನಪಿದೆಯಾ? ಮೂವತ್ತು ದಾಟಿದ್ರೂ ಹೆಣ್ಣು ಸಿಗದ ಗಂಡುಮಕ್ಕಳು ಮಾದಪ್ಪನ ಹತ್ರ ಕೇಳ್ಕೊಳ್ಳೋಕೆ ನಡೆದು ಹೋದ್ರು. ಅವತ್ತು ತುಂಬಾ ಜನ ನಕ್ಕರು. ನನಗೆ ನಗು ಬರಲಿಲ್ಲ. ಕಾಲುವೆ ನೀರು ಹರಿಯೋ ನೆಲದಲ್ಲಿ, ಸ್ವಂತ ಗದ್ದೆ ಇದ್ದವನಿಗೆ ಹೆಣ್ಣು ಕೊಡಲ್ಲ ಅಂತಾರೆ. ಬೆಂಗಳೂರಿನ ಪಿಜಿಯಲ್ಲಿ ಇದ್ದು ತಿಂಗಳ ಕೊನೆಗೆ ಊರಿಂದ ದುಡ್ಡು ತರಿಸಿಕೊಳ್ಳೋನಿಗೆ "ಹುಡ್ಗ ಬೆಂಗ್ಳೂರಲ್ಲವ್ನೆ" ಅಂತ ಸಂಬಂಧ ಬರುತ್ತೆ. ಹುಡುಗರು ಇದನ್ನ ನೋಡ್ತಿದ್ದಾರೆ ಸ್ವಾಮಿ. ಅವರು ದಡ್ಡರಲ್ಲ.

ಆದರೆ ಇದಕ್ಕೆ ಒಂದು ಬೆಲೆ ಇದೆ. ಊರಿನವರ ಮುಂದೆ ಮರ್ಯಾದೆ ಉಳಿಸಿಕೊಳ್ಳೋಕೆ ಹುಡುಗ ಸುಳ್ಳು ಹೇಳೋಕೆ ಶುರು ಮಾಡ್ತಾನೆ. ಕೆಲಸ ಹೋಗಿದ್ರೂ ಹೋಗಿಲ್ಲ ಅಂತಾನೆ. ಸಾಲದ ಆಪ್‌ನಲ್ಲಿ ದುಡ್ಡು ಎತ್ತಿ ಹಬ್ಬಕ್ಕೆ ಬಟ್ಟೆ ತರ್ತಾನೆ. ಕೆಲಸ ಸಿಗದವನಿಗೆ "ಬ್ಯಾಕ್‌ಡೋರ್‌ನಲ್ಲಿ ಸೇರಿಸ್ತೀವಿ, ಟ್ರೇನಿಂಗ್ ಫೀ ಕಟ್ಟು" ಅನ್ನೋರು ಸಿಗ್ತಾರೆ. ಒಂದು ಮಾತು ನೆನಪಿಟ್ಟುಕೊಳ್ಳಿ: ಕೆಲಸ ಕೊಡೋನು ದುಡ್ಡು ಕೊಡ್ತಾನೆ, ಕೇಳಲ್ಲ. ಒರಿಜಿನಲ್ ಮಾರ್ಕ್ಸ್ ಕಾರ್ಡ್ ಇಟ್ಕೊಳ್ತೀವಿ ಅಂದ್ರೂ ಎದ್ದು ಬನ್ನಿ. ಡಿಗ್ರಿ ಆಗಿ ಆರು ತಿಂಗಳಾದ್ರೂ ಕೆಲಸ ಸಿಗದಿದ್ದರೆ ಯುವನಿಧಿಯಲ್ಲಿ ತಿಂಗಳಿಗೆ 3,000 ರೂಪಾಯಿ, ಎರಡು ವರ್ಷದವರೆಗೆ ಸಿಗುತ್ತೆ. ಸೇವಾ ಸಿಂಧುವಿನಲ್ಲಿ ಅರ್ಜಿ ಹಾಕಿ. ಅದರಲ್ಲಿ ನಾಚಿಕೆ ಏನಿಲ್ಲ.

ಇನ್ನು ಭಾಷೆ. 2011ರ ಜನಗಣತಿ ಪ್ರಕಾರ ಮಂಡ್ಯ ಜಿಲ್ಲೆಯಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಜನರ ಮನೆಮಾತು ಕನ್ನಡ. ಬೆಂಗಳೂರಿನಲ್ಲಿ ಅರ್ಧಕ್ಕಿಂತ ಕಡಿಮೆ. ನಮ್ಮ ಹುಡುಗ ಹುಟ್ಟಿದಾಗಿಂದ ಕನ್ನಡ ಬಿಟ್ಟು ಬೇರೆ ಕೇಳಿದವನಲ್ಲ. ಪಿಜಿಯಲ್ಲಿ ಪಕ್ಕದ ಮಂಚದವನು ಬಿಹಾರದವನು, ಎದುರಿನವನು ಕೇರಳದವನು, ಟೀಮ್ ಲೀಡ್ ಆಂಧ್ರದವನು. ಮೊದಲ ಮೂರು ತಿಂಗಳು ಬಾಯೇ ಬರಲ್ಲ. ಮಂಡ್ಯ ಕನ್ನಡ ಆಡಿದ್ರೆ ಕನ್ನಡದವರೇ ಆಡಿಕೊಳ್ತಾರೆ. ನಾನು ಹುಡುಗರಿಗೆ ಹೇಳೋದು ಇಷ್ಟೇ: ಇಂಗ್ಲಿಷ್ ಕಲೀರಿ, ಅದು ಅನ್ನದ ಭಾಷೆ. ತಪ್ಪಾದ್ರೂ ಮಾತಾಡಿ. ಆದರೆ ನಿಮ್ಮ ಮಾತಿಗೆ ನಾಚಿಕೊಂಡು ಊರನ್ನ ಮುಚ್ಚಿಡಬೇಡಿ. ಆ ಬಿಹಾರದ ಹುಡುಗನೂ ನಿಮ್ಮ ಹಾಗೇ ಅಪ್ಪನ ಸಾಲ ಹೊತ್ಕೊಂಡು ಬಂದವನು. ಅವನಿಗೆ ನಾಲ್ಕು ಮಾತು ಕನ್ನಡ ಕಲಿಸಿ, ಅವನ ಹತ್ರ ನಾಲ್ಕು ಮಾತು ಕಲೀರಿ. ಜ್ವರ ಬಂದ ರಾತ್ರಿ ಮಾತ್ರೆ ತಂದುಕೊಡೋನು ಅವನೇ.

ಈಗ ಮಳವಳ್ಳಿಯ ಯಜಮಾನ್ರೇ, ನಿಮ್ಮ ಪ್ರಶ್ನೆಗೆ ಉತ್ತರ. ಮಗನನ್ನ ಕಳಿಸಿ. ಬೇಡ ಅನ್ನಬೇಡಿ, ಅವನು ನೋಡಬೇಕಾದ ಪ್ರಪಂಚ ಅದು. ಪಿಜಿ ಅಡ್ವಾನ್ಸು ಮತ್ತು ಮೂರು ತಿಂಗಳ ಖರ್ಚು, 60ರಿಂದ 70 ಸಾವಿರ, ಕೈಯಲ್ಲಿರಲಿ. ಒಂದೇ ಸಲ ಕೊಡಬೇಡಿ, ತಿಂಗಳಿಗೆ ಇಷ್ಟು ಅಂತ ಕೊಡಿ. ಅಷ್ಟು ಈಗ ಇಲ್ಲ ಅಂದ್ರೆ ಒಂದು ಫಸಲು ಕಾಯ್ಲಿ. ಆಕಾಶ ಬೀಳಲ್ಲ. ಸರ ಅವರವ್ವನ ಕೊರಳಲ್ಲೇ ಇರಲಿ. ಗದ್ದೆ ಮಾತ್ರ ಮುಟ್ಟಬೇಡಿ. ಬೆಂಗಳೂರಲ್ಲಿ ಕೆಲಸ ಹೋದ ಹುಡುಗನಿಗೆ ವಾಪಸ್ ಬರೋಕೆ ಒಂದು ಜಾಗ ಬೇಕು. ಆ ಅರ್ಧ ಎಕರೆಯೇ ಅದು.

ಕಳಿಸೋ ದಿನ ಅಕ್ಕಿ, ಉಪ್ಪಿನಕಾಯಿ ಜೊತೆ ಒಂದು ಮಾತನ್ನೂ ಕಟ್ಟಿಕೊಡಿ: "ಆಗ್ನಿಲ್ಲ ಅಂದ್ರೆ ಬಂದ್ಬುಡು ಮಗ, ನಾವೇನೂ ಅನ್ನಲ್ಲ." ಎಷ್ಟೋ ಹುಡುಗರು ಆ ಊರಲ್ಲಿ ಒಬ್ಬೊಬ್ಬರೇ ಕುಗ್ಗಿ ಹೋಗೋದು ದುಡ್ಡಿಲ್ಲದೆ ಅಲ್ಲ, ಈ ಮಾತು ಕೇಳಿಸಿಕೊಳ್ಳದೆ.

ಫೋನ್ ಮಾಡಿದಾಗ ಸಂಬಳ ಬಂತಾ ಅಂತ ಕೇಳೋದಕ್ಕೆ ಮುಂಚೆ, ಊಟ ಆಯ್ತಾ ಅಂತ ಕೇಳಿ.