ರೂಮು ಮನೆ ಅನ್ನಿಸೋದು ಯಾವಾಗ?

ಊರು ಬಿಟ್ಟು ಪೀಜಿಯಲ್ಲೋ ಬಾಡಿಗೆ ರೂಮಲ್ಲೋ ಇದ್ದೀರಾ? ಫ್ಯಾನು, ವೈಫೈ ಎಲ್ಲಾ ಇದ್ದರೂ ಅದು ಮನೆ ಅನ್ನಿಸಲ್ಲ. ಯಾಕೆ?

ಸಿರುಗುಪ್ಪ ತಾಲ್ಲೂಕಿನ ನಮ್ಮ ಹಚ್ಚೊಳ್ಳಿ ಕಡೆಯ ಹಳೇ ಮಾಳಿಗೆ ಮನೆ ನೋಡಿ. ದಪ್ಪ ಗೋಡೆ, ಮೇಲೆ ಮಣ್ಣಿನ ಮಾಳಿಗೆ. ಬಿಸಿಲು 40 ಡಿಗ್ರಿ ದಾಟಿದರೂ ಶಾಖ ಒಳಗಿಳಿಯೋದು ನಿಧಾನ. ಆರ್‌ಸಿಸಿ ಸ್ಲ್ಯಾಬ್ ಹಗಲೆಲ್ಲ ಕುಡಿದ ಬಿಸಿಯನ್ನು ರಾತ್ರಿ ನಮ್ಮ ಮೇಲೇ ಬಿಡುತ್ತೆ.

ಆದರೆ ತಂಪು ಅರ್ಧ ಉತ್ತರ ಅಷ್ಟೇ. ಇನ್ನರ್ಧ ಬಾಗಿಲ ಪಕ್ಕದ ಕಟ್ಟೆ. ಭತ್ತದ ಗದ್ದೆಯಿಂದ ಬಂದವರು ಯಾರನ್ನೂ ಕೇಳದೆ ಅಲ್ಲಿ ಕೂರ್ತಾರೆ. ಒಳಗೆ ಕರೆಯಬೇಕಿಲ್ಲ, ಹೊರಗೆ ನಿಲ್ಲಿಸಿದಂತೆಯೂ ಆಗಲ್ಲ. ಯಾರಿಗೆ ಹುಷಾರಿಲ್ಲ, ಯಾರ ಮನೇಲಿ ಮದುವೆ, ಎಲ್ಲಾ ಗೊತ್ತಾಗೋದು ಅಲ್ಲೇ.

ಮಾಳಿಗೆ ಸೋರುತ್ತೆ, ಆಗಾಗ ಮಣ್ಣು ಹಾಕಬೇಕು. ಹಾಗಾಗಿ ಕೆಡವೋರನ್ನು ನಾನು ತಪ್ಪು ಅನ್ನಲ್ಲ. ಆದರೆ ಮಾಳಿಗೆ ಜೊತೆ ಕಟ್ಟೆಯೂ ಹೋಗಿ, ಕಾಂಪೌಂಡು, ಗೇಟು ಬರ್ತಿವೆ. ಈ ವರ್ಷ ನಮ್ಮ ಮನೆಯ ಸರದಿ. ಅಪ್ಪನಿಗೆ ಇಷ್ಟೇ ಹೇಳಿದೆ: “ಗೇಟ್ ಬೇಕಾದ್ರ ಹಾಕಸಪ್ಪ, ಕಟ್ಟಿ ಮಾತ್ರ ಇರ್ಲಿ.”

ನಿಮ್ಮ ರೂಮಿಗೆ ಕಟ್ಟೆ ಇಲ್ವಾ? ಬಾಗಿಲ ಹತ್ರ ಒಂದು ಕುರ್ಚಿ ಹೆಚ್ಚಿಗೆ ಹಾಕಿಡಿ. ಪಕ್ಕದ ರೂಮಿನವರು ಬಂದು ಕೂತ ದಿನ, ಅದು ಮನೆ ಆಗೋಕೆ ಶುರುವಾಗುತ್ತೆ.